ಟ್ರಂಕಿನ ಮೇಲಿನ ಬೆರಳಚ್ಚು

ಹೋದ ವಾರ ಅಕ್ಕನ ಮಗಳ ಫೋನು ಬಂದಿತ್ತು. "ಮಾಮಾ, ಬಿ.ಎಸ್ಸಿ. ಮುಗೀತು. ಮುಂದ ಫೊರೆನ್ಸಿಕ್ ಮಾಡಬೇಕಂತೀನಿ. ನೀನೂ ಅದನ್ನ ಓದೀಯಲ್ಲಾ, ಹೆಂಗಿರ್ತದ?" ಅಂದಳು. ಆಫೀಸಿನ ಗಡಿಬಿಡಿಯಲ್ಲಿ "ಚೊಲೋ ಇರ್ತದ, ಮಾಡು" ಅಂದು ಫೋನಿಟ್ಟೆ. ರಾತ್ರಿ ಮಲಗಿದಾಗ ಆ ಉತ್ತರ ಸರಿ ಹೋಗಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೀತಿದ್ದೇನೆ. ಬ್ಲಾಗಿಗೂ ಧೂಳು ಹಿಡಿದು ತಿಂಗಳುಗಳೇ ಆಗಿದ್ದವು ಬಿಡಿ.

ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಓದಿದ್ದು 2003ರಿಂದ 2005ರವರೆಗೆ. ಸೇರಿದ ಸುದ್ದಿ ಕೇಳಿ ಅಪ್ಪ, "ಕಳ್ಳರ ಬಗ್ಗೆ ತಿಳಕೊಳ್ಳಾಕ ಎಂ.ಎ. ಯಾಕ ಬೇಕೋ? ಒಂದ್ ಸಲ ಜಾತ್ರಿಗೆ ಹೋಗಿ ಬಾ, ಸಾಕು" ಅಂದಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು "ಹಂಗಾರ ನೀವು ಪಿ.ಎಸ್.ಐ. ಆಗ್ತೀರೇನ್ರಿ?" ಅಂತ ಕೇಳಿ ಸ್ವಲ್ಪ ಸರಿದು ಕೂರುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ಟಿವಿಯ 'ಸಿ.ಐ.ಡಿ.' ಧಾರಾವಾಹಿ. ಬಿಳಿ ಕೋಟು ಹಾಕಿದ ಡಾಕ್ಟರು ಗಾಜಿನ ನಳಿಗೆಯಲ್ಲಿ ಏನೋ ಅಲ್ಲಾಡಿಸುತ್ತಾರೆ, ಬಣ್ಣ ಬದಲಾಗುತ್ತದೆ, ಕೊಲೆಗಾರ ಸಿಕ್ಕಿಬೀಳುತ್ತಾನೆ. ಎರಡು ವರ್ಷದಲ್ಲಿ ನಾನೂ ಹಾಗೆ ನಳಿಗೆ ಅಲ್ಲಾಡಿಸುತ್ತೇನೆ ಅಂದುಕೊಂಡಿದ್ದೆ.

ನಳಿಗೆ ಅಲ್ಲಾಡಿಸಿದೆ, ನಿಜ. ರಕ್ತದ ಕಲೆಯ ಪ್ರಾಕ್ಟಿಕಲ್ಲು. ಒಣಗಿದ ಕಲೆಯನ್ನು ಹತ್ತಿಯಿಂದ ಒರೆಸಿ, ಅದಕ್ಕೆ ಕ್ಯಾಸಲ್-ಮೇಯರ್ ದ್ರಾವಣದ ಒಂದು ಹನಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ಒಂದು ಹನಿ. ಕ್ಷಣದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಖುಷಿಯಿಂದ ಜರ್ನಲ್ಲಿನಲ್ಲಿ "ಇದು ರಕ್ತ" ಅಂತ ಬರೆದೆ. ಮೇಷ್ಟ್ರು ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿ "ರಕ್ತ ಇರಬಹುದು" ಅಂತ ತಿದ್ದಿದರು. ಯಾಕೆ ಅಂದರೆ ಕೆಲವು ತರಕಾರಿಗಳ ರಸಕ್ಕೂ ಹತ್ತಿ ಹಾಗೇ ಗುಲಾಬಿಯಾಗುತ್ತದೆ. ರಕ್ತವೇ ಹೌದು ಅಂತ ಖಚಿತವಾಗಲು ಇನ್ನೊಂದು ಪರೀಕ್ಷೆ. ಮನುಷ್ಯನದೋ ಕುರಿಯದೋ ತಿಳಿಯಲು ಮತ್ತೊಂದು. ಯಾರದು ಅನ್ನುವುದಕ್ಕೆ ಮಗದೊಂದು. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದಕ್ಕೆ ಮಾತ್ರ ಯಾವ ನಳಿಗೆಯಲ್ಲೂ ಉತ್ತರವಿಲ್ಲ. ಆ ಎರಡು ವರ್ಷದಲ್ಲಿ ಮೇಷ್ಟ್ರು ಅದೆಷ್ಟು "ಇದು" ಹೊಡೆದುಹಾಕಿ "ಇರಬಹುದು" ಬರೆದರೋ ಲೆಕ್ಕವಿಲ್ಲ. ಆಗ ಸಿಟ್ಟು ಬರುತ್ತಿತ್ತು.

ನಮ್ಮ ಓದಿನಲ್ಲಿ ಎರಡು ಭಾಗ. ಅಪರಾಧಶಾಸ್ತ್ರ ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ, ಸಮಾಜ ಯಾವುದನ್ನು ತಪ್ಪು ಅನ್ನುತ್ತದೆ ಅಂತ ಕೇಳುತ್ತದೆ. ವಿಧಿವಿಜ್ಞಾನ ಏನು ನಡೆಯಿತು, ಕುರುಹು ಏನಿದೆ ಅಂತ ಕೇಳುತ್ತದೆ. ಎರಡನ್ನೂ ಒಂದೇ ಕೋರ್ಸಿನಲ್ಲಿ ಯಾಕೆ ಕಟ್ಟಿದ್ದಾರೋ ಅನ್ನಿಸುತ್ತಿತ್ತು. ಅದು ಅರ್ಥವಾಗಿದ್ದು ಕ್ಲಾಸಿನಲ್ಲಿ ಅಲ್ಲ, ಸಪ್ತಾಪುರದ ನಮ್ಮ ಬಾಡಿಗೆ ರೂಮಿನಲ್ಲಿ.

ರೂಮಿನಲ್ಲಿ ನಾವು ನಾಲ್ವರು. ನಾನು ಮತ್ತು ಇನ್ನೊಬ್ಬ ಅಪರಾಧಶಾಸ್ತ್ರ, ಉಳಿದಿಬ್ಬರಲ್ಲಿ ಒಬ್ಬ ಇತಿಹಾಸ, ಒಬ್ಬ ಗಣಿತ. ಆ ಇನ್ನೊಬ್ಬನನ್ನು ನಾವು 'ಹುಬ್ಬಳ್ಳಿಯಾಂವ' ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಮಾತು ಕಡಿಮೆ, ಅಕ್ಷರ ಮುತ್ತಿನಂಥದು. ಹುಬ್ಬಳ್ಳಿಯೊಳಗ ಎಲ್ಲಿ ಅಂದರೆ "ಗದಗ ರೋಡ್ ಕಡೆ" ಅಂದು ಸುಮ್ಮನಾಗುತ್ತಿದ್ದ.

ಮೊದಲ ವರ್ಷ ಲೊಂಬ್ರೋಸೋ ಪಾಠ ಬಂತು. ಇಟಲಿಯ ವೈದ್ಯ, 1876ರಲ್ಲಿ ಪುಸ್ತಕ ಬರೆದು ಅಪರಾಧಿ ಹುಟ್ಟುತ್ತಲೇ ಅಪರಾಧಿ ಅಂದವನು. ದವಡೆ ಅಗಲ, ಕಿವಿ ದೊಡ್ಡದು, ಹಣೆ ಹಿಂದಕ್ಕೆ ಜಾರಿದ್ದು... ಇವೆಲ್ಲ ಗುರುತುಗಳಂತೆ. ನಾವೆಲ್ಲ ಒಬ್ಬರ ಕಿವಿ ಒಬ್ಬರು ನೋಡಿಕೊಂಡು ನಕ್ಕಿದ್ದೇ ನಕ್ಕಿದ್ದು. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳೆದು, ಕೈದಿಗಳಲ್ಲದವರ ಜೊತೆ ಹೋಲಿಸಿ, ಅಂಥ 'ಅಪರಾಧಿ ಮಾದರಿ' ಯಾವುದೂ ಇಲ್ಲ ಅಂತ ತೋರಿಸಿದ. ಪರೀಕ್ಷೆಗೆ 10 ಅಂಕದ ಪ್ರಶ್ನೆ. ಬಾಯಿಪಾಠ ಮಾಡಿಬಿಟ್ಟೆವು.

ಮುಂದಿನ ವಾರ ಮೇಷ್ಟ್ರು 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತೆಗೆದುಕೊಂಡರು. ಲೊಂಬ್ರೋಸೋ ಪುಸ್ತಕಕ್ಕಿಂತ ಐದು ವರ್ಷ ಮೊದಲೇ ನಮ್ಮ ದೇಶದಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನೇ 'ಅಪರಾಧಿ ಬುಡಕಟ್ಟು' ಅಂತ ಪಟ್ಟಿ ಮಾಡಲು ಶುರುಮಾಡಿದ್ದರು. 1911ರ ಕಾಯಿದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು, 1924ರಲ್ಲಿ ಮತ್ತೆ ಹೊಸದಾಗಿ ಬರೆದರು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ತಪ್ಪು ಮಾಡಿರಬೇಕೆಂದೇನಿಲ್ಲ, ಹುಟ್ಟಿದ್ದರೆ ಸಾಕು. ಮುಂಬಯಿ ಪ್ರಾಂತ್ಯದಲ್ಲಿ ಇಂಥವರಿಗೆ ಅಂತ ಸೊಲ್ಲಾಪುರ, ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ 'ಸೆಟ್ಲಮೆಂಟು'ಗಳಿದ್ದವು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯಿದೆ ಇಡೀ ದೇಶದಲ್ಲಿ ರದ್ದಾಯಿತು. ಆ ಜನರಿಗೆ 'ವಿಮುಕ್ತ' ಅನ್ನುವ ಹೊಸ ಹೆಸರು ಬಂತು.

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅನ್ನುವ ಏರಿಯಾ ಈಗಲೂ ಇದೆ, ಗದಗ ರೋಡಿನ ಕಡೆಗೇ. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಹುಬ್ಬಳ್ಳಿಯಾಂವ ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿದ್ದ. ಅವತ್ತು ರೂಮಿಗೆ ಬರುವಾಗ ತಾನಾಗಿಯೇ ಅಂದ, "ನಮ್ಮಜ್ಜ ಅಲ್ಲೇ ಇದ್ದಾಂವ. ಗಿರಣಿಗೆ ಹೋಗ್ತಿದ್ದ. ಬಂದ ಮ್ಯಾಲೆ ಹಾಜರಿ." ನಾನು "ಹೌದಾ" ಅಂದೆ. ಅಷ್ಟೇ. ಮುಂದೆ ಏನು ಕೇಳಬೇಕೋ ಗೊತ್ತಾಗಲಿಲ್ಲ.

ಇನ್ನು ಟ್ರಂಕಿನ ಕತೆ.

2004ರ ಜನವರಿ ಅಂತ ನೆನಪು. ಗಣಿತದವ ಪರೀಕ್ಷಾ ಫೀಸಿಗೆ ಇಟ್ಟಿದ್ದ 1200 ರೂಪಾಯಿ ಟ್ರಂಕಿನಿಂದ ಮಾಯವಾಯಿತು. ಟ್ರಂಕಿಗೆ ಬೀಗ ಇರಲಿಲ್ಲ, ಚಿಲಕ ಅಷ್ಟೇ. ರೂಮಿಗೆ ಖಾನಾವಳಿಯ ಹುಡುಗ ಬರುತ್ತಿದ್ದ, ಮಾಲೀಕರ ಮಕ್ಕಳು ಬರುತ್ತಿದ್ದರು, ಗೆಳೆಯರಂತೂ ಕೇಳಲೇಬೇಡಿ. ಆದರೆ ಆ ಸಂಜೆ ಗಣಿತದವ ಮತ್ತು ಇತಿಹಾಸದವ ಗುಸುಗುಸು ಮಾತಾಡುತ್ತಿದ್ದದ್ದು ಒಬ್ಬನ ಬಗ್ಗೆ ಮಾತ್ರ. ಅವರಿಗೂ ಅದು ಹೇಗೋ ಗೊತ್ತಿತ್ತು. ಬಹುಶಃ ನಾನೇ ಯಾವಾಗಲೋ ಹೇಳಿದ್ದಿರಬೇಕು... "ನಮ್ಮ ಹುಬ್ಬಳ್ಳಿಯಾಂವ ಸೆಟ್ಲಮೆಂಟಿನವ ಗೊತ್ತೇನ್ರೋ" ಅಂತ, ಯಾವುದೋ ವಿಶೇಷ ಸಂಗತಿ ಅನ್ನುವ ಹಾಗೆ.

ನಿಮಗೆ ಸುಳ್ಳು ಹೇಳುವುದಿಲ್ಲ. ದುಡ್ಡು ಹೋಯಿತು ಅಂತ ಕೇಳಿದ ಕೂಡಲೇ ನನ್ನ ಕಣ್ಣು ಹೋದದ್ದೂ ಅವನ ಚೀಲದ ಕಡೆಗೇ. ಗೋರಿಂಗ್ ಬಗ್ಗೆ 10 ಅಂಕದ ಉತ್ತರ ಬರೆದವನ ಕಣ್ಣು!

ಗಣಿತದವ ನನ್ನ ಕಡೆ ತಿರುಗಿ, "ನೀನು ಬೆರಳಚ್ಚು ಕಲ್ತೀಯಲ್ಲೋ, ತಗದು ತೋರ್ಸು ನೋಡೋಣ" ಅಂದ. ನನಗೆ ಒಳಗೊಳಗೇ ಹುಮ್ಮಸ್ಸು. ಪೆನ್ಸಿಲ್ಲಿನ ಸೀಸ ಕೆರೆದು ಪುಡಿ ಮಾಡಿದೆ. ಮಾಲೀಕರ ಮಗಳ ಡ್ರಾಯಿಂಗ್ ಬ್ರಷ್ಷು ತಂದೆ. ಅಗಲದ ಸೆಲ್ಲೋ ಟೇಪು ತಂದೆ. ಅಷ್ಟರಲ್ಲಿ ಹುಬ್ಬಳ್ಳಿಯಾಂವ ಹೊರಗಿನಿಂದ ಬಂದ. ಬ್ರಷ್ಷು ನೋಡಿದ, ಟ್ರಂಕು ನೋಡಿದ, ನಮ್ಮ ಮೂವರ ಮುಖ ನೋಡಿದ. ಯಾರೂ ಏನೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಂದೆ ಕೂತು ಎರಡೂ ಕೈ ಚಾಚಿದ.

"ಮೊದಲ ನಂದು ತಗೊಂಡು ಬಿಡು. ನಮ್ಮಜ್ಜಂದು ತಗೊಂಡಿದ್ರು. ನಂದೂ ಇರ್ಲಿ."

ದನಿ ಏರಿಸಲಿಲ್ಲ. ಬೆರಳುಗಳನ್ನು ಪ್ರಾಕ್ಟಿಕಲ್ಲಿನಲ್ಲಿ ಹಿಡಿಯುವ ಹಾಗೇ ಸಡಿಲ ಬಿಟ್ಟು ಹಿಡಿದಿದ್ದ. ಈಗ ಬರೆಯುವಾಗಲೂ ಆ ಕೈಗಳು ಕಣ್ಣ ಮುಂದೆ ಬರುತ್ತವೆ. ನಾನು ತೆಗೆದುಕೊಳ್ಳಬಾರದಿತ್ತು. ತೆಗೆದುಕೊಂಡೆ. ಸಮಾನ ನ್ಯಾಯ ಅಂತ ತೋರಿಸಲು ನನ್ನದೂ, ಉಳಿದಿಬ್ಬರದೂ ತೆಗೆದುಕೊಂಡೆ.

ಪುಡಿ ಉದುರಿಸಿ ಬ್ರಷ್ ಆಡಿಸಿದಾಗ ಟ್ರಂಕಿನ ತುಂಬ ಬೆರಳಚ್ಚು ಎದ್ದವು. ಹೆಚ್ಚಿನವು ಒಂದರ ಮೇಲೊಂದು ಬಿದ್ದು ಕೆಟ್ಟುಹೋಗಿದ್ದವು. ಓದಲು ಬಂದವುಗಳಲ್ಲಿ ನಾಲ್ವರದ್ದೂ ಇದ್ದವು. ಇರದೇ ಏನು? ಆ ಟ್ರಂಕಿನ ಮೇಲೆ ಕೂತೇ ನಾವು ಚಹಾ ಕುಡಿಯುತ್ತಿದ್ದದ್ದು, ಅದರ ಮೇಲೇ ಇಸ್ಪೀಟು ಆಡುತ್ತಿದ್ದದ್ದು. ಚಿಲಕದ ಹತ್ತಿರ ಸ್ಪಷ್ಟವಾಗಿದ್ದ ಒಂದೇ ಒಂದು ಅಚ್ಚು ಯಾರದು ಗೊತ್ತೇ? ನನ್ನದು. ಎರಡು ದಿನದ ಹಿಂದೆ ಗಣಿತದವನ ಕ್ಯಾಲ್ಕ್ಯುಲೇಟರ್ ತೆಗೆದಿದ್ದೆ.

ಯಾರೂ ನನ್ನನ್ನು ಅನುಮಾನಿಸಲಿಲ್ಲ! ಅದನ್ನು ಗಮನಿಸಿ. "ಹೌದೋ, ಅವತ್ತ ಕ್ಯಾಲ್ಕ್ಯುಲೇಟರ್ ತಗೊಂಡಿದ್ದಿಲ್ಲಾ" ಅಂತ ಗಣಿತದವನೇ ನನ್ನ ಪರ ವಕಾಲತ್ತು ಮಾಡಿದ. ಅದೇ ಅಚ್ಚು ಹುಬ್ಬಳ್ಳಿಯಾಂವಂದು ಆಗಿದ್ದರೆ ಅವನ ಪರ ಕ್ಯಾಲ್ಕ್ಯುಲೇಟರ್ ಯಾರಿಗೆ ನೆನಪಾಗುತ್ತಿತ್ತು? ಬೆರಳಚ್ಚು ಮುಟ್ಟಿದ್ದನ್ನು ಹೇಳುತ್ತದೆ. ಯಾವಾಗ ಮುಟ್ಟಿದ, ಯಾಕೆ ಮುಟ್ಟಿದ ಅಂತ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವವರು ನಾವು. ತುಂಬುವಾಗ ಮೊದಲೇ ನಮ್ಮ ತಲೆಯಲ್ಲಿದ್ದದ್ದನ್ನೇ ತುಂಬುತ್ತೇವೆ. ಎರಡೂ ವಿಷಯಗಳನ್ನು ಒಂದೇ ಕೋರ್ಸಿನಲ್ಲಿ ಯಾಕೆ ಕಟ್ಟಿದ್ದಾರೆ ಅಂತ ಅವತ್ತು ತಿಳಿಯಿತು.

ದುಡ್ಡು ಸಿಗಲೇ ಇಲ್ಲ. ಯಾರು ತೆಗೆದರು ಅಂತ ಇವತ್ತಿಗೂ ಗೊತ್ತಿಲ್ಲ. ನಾಲ್ವರೂ ಸೇರಿ ಫೀಸು ಹೊಂದಿಸಿದೆವು. ಹುಬ್ಬಳ್ಳಿಯಾಂವ ತನ್ನ ಪಾಲಿನ 300 ಕೊಟ್ಟು, ಮುಂದಿನ ತಿಂಗಳು ಬೇರೆ ರೂಮಿಗೆ ಹೋದ. ಜಗಳವಾಡಲಿಲ್ಲ. ಕ್ಲಾಸಿನಲ್ಲಿ ನೋಟ್ಸ್ ಕೇಳಿದರೆ ಮೊದಲಿನ ಹಾಗೇ ಕೊಡುತ್ತಿದ್ದ. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ. 2004ರ ಮಾರ್ಚಿನಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸ್ಫೋಟವಾಗಿತ್ತಲ್ಲ, ಅಲ್ಲಿ ಸಿಕ್ಕ ಒಂದು ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಒರೆಗಾನ್‌ನ ಒಬ್ಬ ವಕೀಲನದು ಅಂತ ಎಫ್.ಬಿ.ಐ. ಹೇಳಿ ಅವನನ್ನು ಹಿಡಿದಿಟ್ಟಿತ್ತು. ಒಬ್ಬರಲ್ಲ, ಹಲವು ತಜ್ಞರು ಹೌದು ಅಂದಿದ್ದರು. ಎರಡು ವಾರವಾದ ಮೇಲೆ ಸ್ಪೇನಿನ ಪೊಲೀಸರು ಅದು ಬೇರೆಯವನದು ಅಂತ ತೋರಿಸಿದರು. ವಕೀಲ ಹೊರಬಂದ, ಎಫ್.ಬಿ.ಐ. ಕ್ಷಮೆ ಕೇಳಿತು. ಆ ವಕೀಲ ಇಸ್ಲಾಂಗೆ ಮತಾಂತರವಾದವನು. ತಪ್ಪನ್ನು ಮತ್ತೆ ಪರಿಶೀಲಿಸಲು ತಜ್ಞರು ಹಿಂಜರಿದದ್ದಕ್ಕೆ ಅದೂ ಒಂದು ಕಾರಣವಾಗಿರಬಹುದು ಅಂತ ಆಮೇಲೆ ಅಲ್ಲಿನ ಸರಕಾರಿ ತನಿಖೆಯೇ ಹೇಳಿತು. ಪೇಪರ್ ಓದಿ ನನಗೆ ನೆನಪಾದದ್ದು ಸೀಸದ ಪುಡಿ ಮತ್ತು ಡ್ರಾಯಿಂಗ್ ಬ್ರಷ್ಷು.

ಬೆರಳಚ್ಚಿನ ಇತಿಹಾಸದಲ್ಲೂ ಇಂಥ ಒಂದು ಖಾಲಿ ಜಾಗ ಇದೆ ನೋಡಿ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು ಕಲ್ಕತ್ತಾದಲ್ಲಿ, 1897ರಲ್ಲಿ. ಹತ್ತು ಬೆರಳಿನ ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ಗಣಿತ ಕಟ್ಟಿದವನು ಅಜೀಜುಲ್ ಹಕ್. ಜೊತೆಗೆ ದುಡಿದವನು ಹೇಮಚಂದ್ರ ಬೋಸ್. ಇಬ್ಬರೂ ಬಂಗಾಳದ ಸಬ್ ಇನ್‌ಸ್ಪೆಕ್ಟರುಗಳು. ಪದ್ಧತಿಗೆ ಉಳಿದ ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು. ಯಾರು ಯಾರು ಅಂತ ಗುರುತಿಸುವ ವಿದ್ಯೆಯಲ್ಲೇ ಗುರುತು ಅದಲುಬದಲು!

ಕೋರ್ಸು ಮುಗಿಸಿ ನಾನು ಬ್ಯಾಂಕು ಸೇರಿದೆ. ಖೊಟ್ಟಿ ಸಹಿ ನೋಡುವಾಗ ಓದಿದ್ದು ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ. ಹುಬ್ಬಳ್ಳಿಯಾಂವ ಪ್ರೊಬೇಷನ್ ಅಧಿಕಾರಿಯಾದ. 1958ರ ಪ್ರೊಬೇಷನ್ ಕಾಯಿದೆಯ ಪ್ರಕಾರ, ಸಣ್ಣಪುಟ್ಟ ಅಪರಾಧದಲ್ಲಿ ಸಿಕ್ಕವನನ್ನು ಜೈಲಿಗೆ ಹಾಕದೆ ತಿದ್ದಿಕೊಳ್ಳಲು ಬಿಡಬಹುದೇ ಅಂತ ಕೋರ್ಟಿಗೆ ವರದಿ ಬರೆದುಕೊಡುವ ಕೆಲಸ. ಮುತ್ತಿನಂಥ ಅಕ್ಷರಕ್ಕೆ ಒಳ್ಳೆಯ ಜಾಗ.

2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳ ಹಾಗೆ ಕಾಣುವುದೂ ತಪ್ಪು ಅಂತ. ಕಾಯಿದೆ ರದ್ದಾಗಿ 72 ವರ್ಷವಾದ ಮೇಲೂ ಅದನ್ನು ಹೇಳಬೇಕಾಗಿತ್ತು. ಅವತ್ತು ಧೈರ್ಯ ಮಾಡಿ ಅವನಿಗೆ ಫೋನು ಮಾಡಿದೆ. ತೀರ್ಪಿನ ಮಾತಾಯಿತು, ಮಕ್ಕಳ ಮಾತಾಯಿತು. ಕಡೆಗೆ, "ಆ ಟ್ರಂಕಿಂದು... ತಪ್ಪಾತು ನಂದು" ಅಂದೆ. ಇಪ್ಪತ್ತು ವರ್ಷ ತಡವಾಗಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ತಗೊಂಡ ನನ್ನ ಬೆರಳಚ್ಚಿನ ಹಾಳಿ ಏನು ಮಾಡಿದಿ?" ಅಂತ ಕೇಳಿದ. ನಾನು ಹರಿದು ಒಗೆದಿದ್ದೆ ಅಂದೆ. "ಚೊಲೋ ಆತು" ಅಂದ.

ಈಗ ಅಕ್ಕನ ಮಗಳಿಗೆ ಉತ್ತರ.

ಪುಟ್ಟಿ, ಫೊರೆನ್ಸಿಕ್ ಓದು. ಈಗ ಒಳ್ಳೆಯ ಕಾಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಕುರುಹು ಸಂಗ್ರಹಿಸಬೇಕು, ಅದಕ್ಕೆ ಸಿದ್ಧವಾಗಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಜನ ಬೇಕೇ ಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೂ 2023ರಲ್ಲಿ ನಮ್ಮ ಧಾರವಾಡದಲ್ಲೇ ಅಡಿಗಲ್ಲು ಹಾಕಿದ್ದಾರೆ. ಆದರೆ ಬರೀ ನಳಿಗೆಯ ಭಾಗ ಓದಬೇಡ, ಅಪರಾಧಶಾಸ್ತ್ರದ ಭಾಗವನ್ನೂ ಓದು, ಬೋರು ಅಂತ ಬಿಡಬೇಡ. ನಿನ್ನ ಮೇಷ್ಟ್ರು "ಇದು ರಕ್ತ" ಅನ್ನುವುದನ್ನು ಹೊಡೆದು "ಇರಬಹುದು" ಅಂತ ಬರೆದರೆ ಸಿಟ್ಟಾಗಬೇಡ. ಮುಂದೊಂದು ದಿನ ಕೋರ್ಟಿನಲ್ಲಿ ನಿಂತಾಗ ಯಾರದೋ ಮಗನ ಮನೆಗೆ ಹೋಗುವ ದಾರಿ ಆ ಒಂದು ಶಬ್ದದಲ್ಲಿ ಇರುತ್ತದೆ.

ಉಳಿದದ್ದು ಭೇಟಿಯಾದಾಗ ಹೇಳ್ತೀನಿ. ಗೆಳೆಯರೇ, ನಿಮ್ಮ ರೂಮುಗಳಲ್ಲೂ ಇಂಥ ಟ್ರಂಕುಗಳು ಇದ್ದಿರಬೇಕಲ್ಲ? ಇದ್ದರೆ ಬರೀರಿ, ಓದ್ತೀನಿ.