ಎಂಟು ಲಕ್ಷ ಬಾತ್, ಮುಟ್ಟೋ ಹಾಗಿಲ್ಲ

ರಿಟೈರ್ ಆದ್ಮೇಲೆ ಯಾವುದಾದ್ರೂ ಬೀಚ್ ಪಕ್ಕ ಮನೆ ಮಾಡ್ಕೊಂಡು ಆರಾಮಾಗಿರಬೇಕು ಅಂತ ಆಫೀಸ್ ಕ್ಯಾಂಟೀನಿನಲ್ಲಿ ಕೂತು ನಾವೆಲ್ಲ ಒಂದಲ್ಲ ಒಂದು ಸಲ ಅಂದಿರ್ತೀವಿ. ಮೂವತ್ತಕ್ಕೇ ರಿಟೈರ್‌ಮೆಂಟ್ ಲೆಕ್ಕ ಹಾಕೋ ಕಾಲ ಇದು. ಆದ್ರೆ ನಿಜವಾಗಲೂ ಹಾಗೆ ಹೋಗಿ ನೆಲೆಸಿದವರ ಬದುಕು ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿದ್ದು, ಕಂಪನಿ ಕೆಲಸದ ಮೇಲೆ ನಾನು ಎರಡು ವರ್ಷ ಬ್ಯಾಂಕಾಕ್‌ನಲ್ಲಿದ್ದಾಗ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ ಒಬ್ಬರು ಬ್ರಿಟಿಷ್ ಅಂಕಲ್ ಇದ್ರು. ವಯಸ್ಸು 80. ಇಂಗ್ಲೆಂಡಿನಲ್ಲಿ ಬಸ್ ಓಡಿಸಿಕೊಂಡಿದ್ದು, 2010ರಲ್ಲಿ ಪೆನ್ಶನ್ ಶುರುವಾದ ವರ್ಷವೇ ಥಾಯ್ ಹೆಂಡತಿ ಜೊತೆ ಇಲ್ಲಿಗೆ ಬಂದವರು. ಅವರಿಗೂ ನನಗೂ ಸ್ನೇಹ ಬೆಳೆದದ್ದು ಒಂದು ಫಾರ್ಮ್‌ನಿಂದ. ದೀರ್ಘಾವಧಿ ವೀಸಾದ ಮೇಲಿರೋ ವಿದೇಶೀಯರು ಪ್ರತಿ 90 ದಿನಕ್ಕೊಮ್ಮೆ 'ನಾನು ಇದೇ ವಿಳಾಸದಲ್ಲಿದ್ದೀನಿ' ಅಂತ ಇಮಿಗ್ರೇಶನ್‌ಗೆ ತಿಳಿಸಬೇಕು. ನನ್ನದನ್ನ ಆನ್‌ಲೈನಿನಲ್ಲಿ ಹಾಕುವಾಗ ಅವರದನ್ನೂ ಹಾಕಿಕೊಡ್ತಿದ್ದೆ. ಪ್ರತಿಫಲವಾಗಿ ಹಾಲು ಹಾಕಿದ ಗಟ್ಟಿ ಚಹಾ.

ಚಹಾದ ಜೊತೆ ನಿಯಮಗಳ ಪಾಠವೂ ಆಗ್ತಿತ್ತು. 50 ದಾಟಿದವರು ನಿವೃತ್ತರಾಗಿ ಅಲ್ಲಿರಬೇಕಾದ್ರೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು (ನಮ್ಮ ಬಿಸಿಬೇಳೆ ಬಾತ್ ಅಲ್ಲ, ಅಲ್ಲಿನ ದುಡ್ಡು), ಇಲ್ಲಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ವೀಸಾ ಅವಧಿ ವರ್ಷವರ್ಷ ವಿಸ್ತರಿಸಿಕೊಳ್ಳಬೇಕು. ಅರ್ಜಿ ಹಾಕೋದಕ್ಕೆ ಎರಡು ತಿಂಗಳು ಮೊದಲು, ವಿಸ್ತರಣೆ ಸಿಕ್ಕ ಮೂರು ತಿಂಗಳ ತನಕ, ಆ 8 ಲಕ್ಷ ಹಾಗೇ ಇರಬೇಕು. ಉಳಿದ ತಿಂಗಳಲ್ಲಿ 4 ಲಕ್ಷಕ್ಕಿಂತ ಕೆಳಗಿಳಿಯೋ ಹಾಗಿಲ್ಲ. ಮಧ್ಯೆ ದೇಶ ಬಿಟ್ಟು ಹೋಗೋದಾದ್ರೆ ರೀ-ಎಂಟ್ರಿ ಪರ್ಮಿಟ್ ಬೇಕು. ಇಲ್ಲದೆ ಗಡಿ ದಾಟಿದ್ರೆ ವಿಸ್ತರಣೆ ಅಲ್ಲಿಗೇ ಮುಗೀತು. ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಂಕಲ್ ಟಿಕೆಟ್‌ಗಿಂತ ಮೊದಲು ವಿಚಾರಿಸಿದ್ದು ಆ ಪರ್ಮಿಟ್ಟನ್ನ.

ಥಾಯ್ ಹೆಂಡತಿ ಇದ್ರೆ 4 ಲಕ್ಷ ಸಾಕು. ಆಂಟಿ ಹೋದ್ಮೇಲೆ ಅಂಕಲ್ 'ಗಂಡ' ಅನ್ನೋ ಲೆಕ್ಕದಿಂದ 'ನಿವೃತ್ತ' ಅನ್ನೋ ಲೆಕ್ಕಕ್ಕೆ ಬಂದ್ರು. 4 ಇದ್ದದ್ದು 8 ಆಯ್ತು. ಊರಲ್ಲಿ ಉಳಿದಿದ್ದ ಚೂರುಪಾರು ಉಳಿತಾಯವನ್ನೆಲ್ಲ ತರಿಸಿ ಅದನ್ನ ತುಂಬಿಸಿದ್ರು. ಆಮೇಲೆ ಮಂಡಿ ಕೈಕೊಡ್ತು. ಆಪರೇಶನ್ ಮಾಡಿಸಿ ಅಂದ್ರು ಡಾಕ್ಟರು. ದುಡ್ಡು ಬ್ಯಾಂಕಿನಲ್ಲಿದೆ, ಆದ್ರೆ ವಿಸ್ತರಣೆಗೆ ಇನ್ನು ಆರು ವಾರ. ಅಂದ್ರೆ ಆ ಆರು ವಾರ, ಅದರ ಮೇಲೆ ಮೂರು ತಿಂಗಳು ಮುಟ್ಟೋ ಹಾಗಿಲ್ಲ. ಅಷ್ಟು ದಿನ ಅವರು ಗೋಡೆ ಹಿಡ್ಕೊಂಡು ಓಡಾಡಿದ್ರು. 'ನನ್ನ ಮಂಡಿಗೂ ವೀಸಾ ಕ್ಯಾಲೆಂಡರ್ ಓದೋಕೆ ಬರಬೇಕು ನೋಡು' ಅಂತ ನಗ್ತಿದ್ರು. ನನಗೆ ನಗು ಬರ್ತಿರಲಿಲ್ಲ.

ಪೆನ್ಶನ್ ಬರುತ್ತಲ್ಲ ಅಂತ ನೀವು ಕೇಳಬಹುದು. ಬರುತ್ತೆ, 2010ರ ಪೆನ್ಶನ್. ಬ್ರಿಟನ್ನಿನ ಪೂರ್ಣ ಬೇಸಿಕ್ ಪೆನ್ಶನ್ ಆಗ ವಾರಕ್ಕೆ 97.65 ಪೌಂಡ್. 2025ರಲ್ಲಿ ಅದೇ ಪೆನ್ಶನ್ 176.45. ಆದ್ರೆ ಪ್ರತಿವರ್ಷದ ಏರಿಕೆ ಸಿಗೋದು ಕೆಲವು ದೇಶಗಳಲ್ಲಿ ಇದ್ದವರಿಗೆ ಮಾತ್ರ. ಥಾಯ್ಲೆಂಡ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಂಕಲ್‌ಗೆ ಈಗ್ಲೂ 97.65. ವರ್ಷಕ್ಕೆ ನಾಲ್ಕು ಸಾವಿರ ಪೌಂಡಿಗೂ ಮಿಕ್ಕಿ ಖೋತಾ. ಅಮೆರಿಕದಲ್ಲಿದ್ರೆ ಏರುತ್ತೆ, ಕೆನಡಾದಲ್ಲಿದ್ರೆ ಇಲ್ಲ. ಫಿಲಿಪ್ಪೀನ್ಸ್‌ನಲ್ಲಿದ್ರೆ ಏರುತ್ತೆ. 'ಮತ್ತೆ ಮನಿಲಾಗೆ ಹೋಗಬಹುದಲ್ಲ ಅಂಕಲ್?' ಅಂದೆ ಒಂದಿನ. ಎದುರಿನ ಬೌದ್ಧ ದೇವಾಲಯದ ಕಡೆ ಕೈ ತೋರಿಸಿದ್ರು. ಆಂಟಿಯ ಅಸ್ಥಿ ಇಟ್ಟಿರೋದು ಅಲ್ಲಿ.

ಇದನ್ನ ಯಾರೂ ಪ್ರಶ್ನಿಸಿಲ್ಲ ಅಂತಲ್ಲ. ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದ ಆನೆಟ್ ಕಾರ್ಸನ್ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ತನಕ ಹೋದ್ರು, 2005ರಲ್ಲಿ ಸೋತ್ರು. ಅವರೂ ಇತರರೂ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ್ರು, 2010ರಲ್ಲಿ ಅಲ್ಲೂ ಸೋತ್ರು. ಬೇರೆ ದೇಶದಲ್ಲಿರೋರ ಪರಿಸ್ಥಿತಿಯನ್ನ ಬ್ರಿಟನ್ನಿನಲ್ಲೇ ಇರೋರ ಜೊತೆ ಹೋಲಿಸೋಕಾಗಲ್ಲ ಅನ್ನೋದು ತೀರ್ಪಿನ ತಿರುಳು. ವಂತಿಗೆ ಕಟ್ಟುವಾಗ ಮಾತ್ರ ಎಲ್ಲರೂ ಒಂದೇ.

ಇದೆಲ್ಲ ದೊರೆಗಳ ಕಷ್ಟ, ನಮಗೇನು ಅನ್ನಬೇಡಿ. ಆ ಏರಿಕೆಯಿಲ್ಲದ ದೇಶಗಳಲ್ಲಿ ಭಾರತವೂ ಇದೆ. ನನ್ನ ಸೋದರಮಾವ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದು ಮೈಸೂರಿಗೆ ವಾಪಸ್ ಬಂದವರು. ಓಸಿಐ ಕಾರ್ಡ್ ಇರೋದ್ರಿಂದ ಗಡಿಯಲ್ಲಿ ತಕರಾರಿಲ್ಲ, 90 ದಿನದ ಹಾಜರಿ ಇಲ್ಲ. ಪೆನ್ಶನ್ ಮಾತ್ರ ಅವರು ಕುವೆಂಪುನಗರಕ್ಕೆ ಬಂದ ವರ್ಷದ್ದೇ. ಬೇಸಿಗೆಯಲ್ಲಿ ಮಗಳ ಮನೆಗೆ ಅಂತ ಲಂಡನ್‌ಗೆ ಹೋದ್ರೆ, ಅಲ್ಲಿರೋ ಅಷ್ಟು ದಿನಕ್ಕೆ ಮಾತ್ರ ಇವತ್ತಿನ ದರ. ವಿಮಾನ ಹತ್ತಿದ್ರೆ ಮತ್ತೆ ಹಳೇದು. 'ನಂಗೆ ವಯಸ್ಸಾಗ್ತಿದೆ ಕಣೇ, ನನ್ನ ಪೆನ್ಶನ್‌ಗೆ ಮಾತ್ರ ಆಗ್ತಿಲ್ಲ' ಅಂತಾರೆ ಮಾವ.

ಆನ್‌ಸೈಟ್ ಅಂತ ಹೊರಟಿರೋ ನೀವು ಸಂಬಳ, ಬಾಡಿಗೆ, ಮಕ್ಕಳ ಸ್ಕೂಲು ಎಲ್ಲಾ ವಿಚಾರಿಸ್ತೀರಿ. ಜೊತೆಗೆ ಇದನ್ನೂ ಕೇಳಿಕೊಳ್ಳಿ: ಅಲ್ಲಿ ಕಟ್ಟೋ ವಂತಿಗೆಗೆ ಪೆನ್ಶನ್ ಸಿಗೋಕೆ ಎಷ್ಟು ವರ್ಷ ಬೇಕು? ಬ್ರಿಟನ್ನಿನಲ್ಲಿ ಕನಿಷ್ಠ 10, ಪೂರ್ತಿ ಸಿಗೋಕೆ ಸಾಮಾನ್ಯವಾಗಿ 35. ಅಮೆರಿಕದಲ್ಲಿ 40 ಕ್ರೆಡಿಟ್, ಅಂದ್ರೆ ಹತ್ತು ವರ್ಷದ ದುಡಿಮೆ. ಊರಿಗೆ ವಾಪಸ್ ಬಂದ್ರೆ ಅದು ಏರುತ್ತಾ, ನಿಂತೇ ಹೋಗುತ್ತಾ? ಇಬ್ಬರಲ್ಲಿ ಒಬ್ಬರು ಹೋದ್ರೆ ಇನ್ನೊಬ್ಬರ ವೀಸಾ ಗತಿ ಏನು? ಈ ಕೊನೇ ಪ್ರಶ್ನೆಯನ್ನ ಮದುವೆಯಾದ ಹೊಸದರಲ್ಲಿ ಯಾರೂ ಕೇಳಲ್ಲ. ನಾನೂ ನನ್ನ ಗಂಡನೂ ಕಳೆದ ಭಾನುವಾರ ಕೂತು ಕೇಳಿಕೊಂಡ್ವಿ. ಊಟ ರುಚಿಸಲಿಲ್ಲ, ಆದ್ರೆ ಎರಡು ಹಾಳೆ ತುಂಬಿತು.