ಆಟ ನಿಲ್ಲಿಸುವುದೂ ಆರೈಕೆಯೇ

ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗೆ ಸುರಿದಷ್ಟು ಮಳೆ, 1836ರಿಂದ ಲೆಕ್ಕ ಇಟ್ಟ ಯಾವ 18 ತಿಂಗಳಲ್ಲೂ ಸುರಿದಿರಲಿಲ್ಲ. ಅಲ್ಲಿ ಜೇಡಿಮಣ್ಣಿನ ಗಾಲ್ಫ್ ಮೈದಾನಗಳನ್ನು ನೋಡಿಕೊಳ್ಳುವವರನ್ನು ನೆನೆದರೆ ಗೌರವ ಹುಟ್ಟುತ್ತದೆ.

ಚಳಿಗೆ ಹುಲ್ಲಿನ ಬೆಳವಣಿಗೆ ಬಹುತೇಕ ನಿಂತಿರುತ್ತದೆ. ಆಗ ಆದ ಗಾಯ ವಸಂತದವರೆಗೂ ಮಾಯುವುದಿಲ್ಲ. ಒದ್ದೆ ಮಣ್ಣನ್ನು ತುಳಿದರೆ ಕಣಗಳ ನಡುವಿನ ಸಂದು ಮುಚ್ಚಿ, ನೀರು ಇಂಗದೆ, ಬೇರಿಗೆ ಉಸಿರುಕಟ್ಟುತ್ತದೆ. ಅದಕ್ಕೇ ನೆಲ ಕೊಂಚ ಆರಿದಾಗ ಅವರು ಯಂತ್ರದಿಂದ ಸಣ್ಣ ತೂತು ಹೊಡೆದು ಮರಳು ತುಂಬುತ್ತಾರೆ, ಕಟ್ಟಿಕೊಂಡ ಕಾಲುವೆ ಬಿಡಿಸುತ್ತಾರೆ, ಬಿಸಿಲು ಗಾಳಿಗೆ ಅಡ್ಡವಾದ ಕೊಂಬೆ ಕಡಿಯುತ್ತಾರೆ, ತೇವಕ್ಕೆ ಹಬ್ಬುವ ಶಿಲೀಂಧ್ರದ ಕಲೆಗಳ ಮೇಲೆ ಕಣ್ಣಿಟ್ಟಿರುತ್ತಾರೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನ ಕಡಲಂಚಿನ ಮರಳುನೆಲ. ನೀರು ಬೇಗ ಇಂಗುತ್ತದೆ. ಅಲ್ಲೂ ಚಳಿಗಾಲದಲ್ಲಿ ಫೇರ್‌ವೇ, ಅಂದರೆ ಗುಳಿಯತ್ತ ಸಾಗುವ ಕತ್ತರಿಸಿದ ಹುಲ್ಲುಹಾಸಿನ ಮೇಲೆ ಚೆಂಡನ್ನು ಪುಟ್ಟ ಚಾಪೆಯ ಮೇಲಿಟ್ಟು ಹೊಡೆಯುತ್ತಾರೆ. ಹುಲ್ಲಿಗೆ ಅಷ್ಟು ಮರ್ಯಾದೆ!

ಬೆಳಗಿನ ಜಾವ ನೆಲ ಒತ್ತಿ ನೋಡಿ 'ಇವತ್ತು ಆಟವಿಲ್ಲ' ಎಂದು ಫಲಕ ಹಾಕುವವರ ಮೇಲೆ ಆಟಗಾರರು ಸಿಡುಕುವುದುಂಟು. ಸಿಡುಕಬೇಡಿ. ಒಂದು ದಿನದ ಆಟ ಬಿಟ್ಟರೆ ಒಂದು ಋತುವಿನ ಹುಲ್ಲು ಉಳಿಯುತ್ತದೆ. ಅವರಿಗೊಂದು ಥ್ಯಾಂಕ್ಸ್ ಹೇಳಿ.