ಉಳಿದದ್ದು ಆಮೇಲೆ ಕಳಿಸ್ತೇನೆ

ಡೊಂಬಿವಲಿಯಲ್ಲಿ ಹದಿನಾರು ವರ್ಷಗಳಿಂದ ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದೇನೆ. ಆಫೀಸೆಂದರೆ ನಾನು, ಒಬ್ಬಳು ಸಹಾಯಕಿ, ಎರಡು ಕಂಪ್ಯೂಟರ್. ಬರುವವರಲ್ಲಿ ಅರ್ಧಕ್ಕರ್ಧ ನಮ್ಮೂರ ಕಡೆಯವರೇ. ಜುಲೈ ತಿಂಗಳಿಡೀ ಅವರಿಂದ ಕೇಳುವ ಮಾತು ಒಂದೇ: “ಉಳಿದದ್ದು ಆಮೇಲೆ ಕಳಿಸ್ತೇನೆ ಸರ್.”

ಕಂಪನಿ ಕೊಟ್ಟ ಫಾರ್ಮ್ 16ರ ಫೋಟೊ ವಾಟ್ಸ್ಯಾಪಿಗೆ ಹಾಕಿದರೆ ಕೆಲಸ ಮುಗಿಯಿತೆಂದು ಅವರ ಲೆಕ್ಕ. ಮನೆಸಾಲದ ಬಡ್ಡಿಯ ಪ್ರಮಾಣಪತ್ರ, ಷೇರು ಮಾರಿದ ವಿವರ, ವರ್ಷದ ಬಾಡಿಗೆ 1 ಲಕ್ಷ ದಾಟಿದ್ದರೆ ಮನೆ ಮಾಲೀಕರ ಪ್ಯಾನ್, ಇವೆಲ್ಲ ‘ಉಳಿದದ್ದು’. 5 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದು ಗಡುವು ತಪ್ಪಿದರೆ 5,000 ರೂಪಾಯಿ ಶುಲ್ಕ ಬೀಳುತ್ತದೆ ಎಂದು ಹೆದರಿಸಿಯೂ ಆಯಿತು. ಹೆದರಿದವರು ಬೇಗ ಕಳಿಸಿದರು, ಪೂರ್ತಿ ಕಳಿಸಲಿಲ್ಲ.

ಸೋಮಾರಿತನವೊಂದೇ ಇದಕ್ಕೆ ಕಾರಣವಲ್ಲ. ನಾವು ಎರಡು ಕಡೆ ಬದುಕುವವರು. ಸಂಬಳ ಇಲ್ಲಿ, ಪಾಸ್‌ಬುಕ್ಕು ಅಲ್ಲಿ. “ಬೇರೆ ಆದಾಯ ಇದೆಯೇ?” ಎಂದರೆ “ಇಲ್ಲ” ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಡಿಕೆ ತೋಟದ ಪಾಲು ಅವರಿಗೆ ಆದಾಯವಲ್ಲ, ಊರಿನ ವಿಷಯ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ನಿಜ. ಆದರೆ ಅದು 5,000 ರೂಪಾಯಿ ದಾಟಿದರೆ ಸಂಬಳದವರ ಸರಳ ಫಾರ್ಮ್ ಐಟಿಆರ್-1 ನಡೆಯುವುದಿಲ್ಲ. ಉಳಿದ ಆದಾಯದ ತೆರಿಗೆ ದರ ಗೊತ್ತುಮಾಡುವಾಗಲೂ ಅದು ಲೆಕ್ಕಕ್ಕೆ ಬರಬಹುದು.

ಎರಡು ವರ್ಷದ ಹಿಂದೆ ಶಿರಸಿ ಕಡೆಯ ಒಬ್ಬ ಇಂಜಿನಿಯರ್ ಎಲ್ಲ ಕಾಗದ ಕೊಟ್ಟಿದ್ದೇನೆ ಎಂದಿದ್ದರು. ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್ ತೆರೆದರೆ ಊರಿನ ಬ್ಯಾಂಕೊಂದರಿಂದ 62,000 ರೂಪಾಯಿ ಬಡ್ಡಿ. ಫೋನು ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಆಯಿಗೆ ಅಂತ ಇಟ್ಟಿದ್ದು ಸರ್. ಅಣ್ಣಂಗೂ ಗೊತ್ತಿಲ್ಲ, ಇಲ್ಲಿ ಮನೆಯಲ್ಲೂ ಗೊತ್ತಿಲ್ಲ.”

ಅವರ ತೆರಿಗೆ ಕಾಗದಗಳನ್ನೆಲ್ಲ ಕಳಿಸುತ್ತಿದ್ದವರು ಅವರ ಹೆಂಡತಿ. ಪೋರ್ಟಲ್‌ನಲ್ಲಿ ಇದ್ದದ್ದೂ ಆಕೆಯ ಇಮೇಲ್. ಬಡ್ಡಿ ತೋರಿಸದೆ ಬಿಟ್ಟಿದ್ದರೆ ಇಲಾಖೆಯ ನೋಟಿಸನ್ನು ಮೊದಲು ಓದುವವರೂ ಆಕೆಯೇ. ಠೇವಣಿ ನಿಮ್ಮ ದುಡ್ಡು, ನಿಮ್ಮ ಹೆಸರು, ಹಾಗಾಗಿ ಬಡ್ಡಿಯೂ ನಿಮ್ಮ ಆದಾಯ ಎಂದು ತಿಳಿಸಿದೆ. ತಾಯಿಗೇ ಹಣ ಕೊಟ್ಟು ಅವರ ಹೆಸರಿನಲ್ಲಿ ಇಟ್ಟರೆ ಬಡ್ಡಿ ಅವರದ್ದಾಗುತ್ತದೆ, ಆ ಕೊಡುಗೆಗೂ ತೆರಿಗೆಯಿಲ್ಲ ಎಂದೂ ಹೇಳಿದೆ. ಬಡ್ಡಿ ಸೇರಿಸಿ ತೆರಿಗೆ ಕಟ್ಟಿದರು. ಮನೆಯಲ್ಲಿ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಆಮೇಲಿಂದ ಕಾಗದಗಳ ಪಟ್ಟಿ ಕಳಿಸುವುದನ್ನು ಬಿಟ್ಟು ಜೂನ್ ಮೊದಲ ವಾರವೇ ಹನ್ನೆರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಕಳಿಸುತ್ತೇನೆ. ಊರಿನ ಬ್ಯಾಂಕು, ಸೊಸೈಟಿಯಲ್ಲಿ ನಿಮ್ಮ ಹೆಸರಿನ ಠೇವಣಿ ಇದೆಯೇ? ಜಂಟಿ ಖಾತೆಯಲ್ಲಿ ಮೊದಲ ಹೆಸರು ಯಾರದ್ದು? ಊರಿನ ಮನೆಯ ಬಾಡಿಗೆ ಯಾರ ಕೈಗೆ ಬರುತ್ತದೆ? ಅಡಿಕೆ, ತೆಂಗು ಮಾರಿದ್ದರಲ್ಲಿ ಪಾಲು ಬಂತೇ? ಎಲ್ಲದಕ್ಕೂ ಉತ್ತರ, ಕಾಗದ ಬಂದ ಮೇಲೆಯೇ ಸರದಿ ಎಂದು ಕೆಳಗೆ ಬರೆದಿರುತ್ತೇನೆ. ಹೆಚ್ಚಿನವರು ಈಗ ಜುಲೈ ಹತ್ತರೊಳಗೆ ಕೊಡುತ್ತಾರೆ.

ಹನ್ನೆರಡನೆಯ ಪ್ರಶ್ನೆ ಹಣದ ಬಗ್ಗೆ ಅಲ್ಲ: “ಏನಾದರೂ ಕೇಳುವುದಿದ್ದರೆ ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನು ಮಾಡಲಿ?”